ದಾವಣಗೆರೆಯ ರೇಡಿಯೋ ಮೇಷ್ಟ್ರ ಅಂಗಡಿ: ವಾಲ್ವ್ ಸೆಟ್ಟಿಗೆ ಅಲೈನ್‌ಮೆಂಟ್ ಮಾಡಿಸಿದ್ದು

ಮನೆಯಲ್ಲಿ ಹಳೆಯ ವಾಲ್ವ್ ರೇಡಿಯೋ, ಅಂದರೆ ಒಳಗೆ ಗಾಜಿನ ಬಲ್ಬಿನಂಥ ವಾಲ್ವುಗಳಿರುವ ರೇಡಿಯೋ ಇದೆಯಾ? ಹಾಡುತ್ತದೆ, ಆದರೆ ಸ್ಟೇಷನ್ನುಗಳು ಡಯಲ್ ಮೇಲೆ ಇರಬೇಕಾದ ಜಾಗದಲ್ಲಿ ಸಿಗುತ್ತಿಲ್ಲವಾ? ಹಾಗಾದರೆ ಅದಕ್ಕೆ ಬೇಕಾದ್ದು ಅಲೈನ್‌ಮೆಂಟ್, ಅಂದರೆ ಸ್ಟೇಷನ್ನುಗಳು ತಮ್ಮ ಜಾಗಕ್ಕೆ ಬರುವ ಹಾಗೆ ಒಳಗಿನ ತಿರುಪುಗಳನ್ನು ಹೊಂದಿಸುವುದು. ದಾವಣಗೆರೆಯಲ್ಲಿ ಈ ಅಂಗಡಿಗೆ ಹೋಗಿ. ನಾಳೆಯೇ ಬೇಕು ಅನ್ನುವವರು ಮಾತ್ರ ಹೋಗಬೇಡಿ, ಸುಮ್ನೆ ಜಗಳ ಆಗುತ್ತದೆ.

ಅಂಗಡಿಗೆ ಬೋರ್ಡ್ ಇಲ್ಲ. ಮಂಡಿಪೇಟೆಯ ಒಳಗಿನ ಓಣಿಯಲ್ಲಿ, ಕೆಳಗೆ ಒಣ ಮೆಣಸಿನಕಾಯಿ ವ್ಯಾಪಾರ, ಮೇಲೆ ಇವರು. ಮೆಟ್ಟಿಲು ಹತ್ತುವಷ್ಟರಲ್ಲಿ ಸೀನು ಬರುವುದು ಗ್ಯಾರಂಟಿ. ಐಟಿಐಯಲ್ಲಿ ಪಾಠ ಮಾಡಿ ರಿಟೈರ್ ಆದವರು, ಹಾಗಾಗಿ ಎಲ್ಲರೂ ಮೇಷ್ಟ್ರು ಅಂತಲೇ ಕರೆಯುತ್ತಾರೆ. ನಾನೂ ಹಾಗೇ ಬರೆಯುತ್ತೇನೆ.

ನನ್ನದು ಕೆ.ಟಿ.ಜೆ. ನಗರದಲ್ಲಿ ಟೈಲರಿಂಗ್ ಅಂಗಡಿ. ಬ್ಲೌಸು, ಚೂಡಿದಾರ, ಸ್ಕೂಲ್ ಯೂನಿಫಾರಂ. ಇಡೀ ದಿನ ತಲೆ ತಗ್ಗಿಸಿ ಕೂರುವ ಕೆಲಸಕ್ಕೆ ರೇಡಿಯೋ ಬೇಕೇ ಬೇಕು. ಮೊಬೈಲಿನಲ್ಲಿ ಹಾಕಿದರೆ ಅಳತೆ ಕೇಳಲು ಯಾರಾದರೂ ಫೋನ್ ಮಾಡಿದಾಗಲೆಲ್ಲ ಹಾಡು ನಿಲ್ಲುತ್ತದೆ. ನಮ್ಮ ಮಾವನವರು ಕಾಟನ್ ಮಿಲ್ಲಿನಲ್ಲಿದ್ದಾಗ ಕೊಂಡ ರೇಡಿಯೋ ಅಟ್ಟದಲ್ಲಿತ್ತು. ಮರದ ಕ್ಯಾಬಿನೆಟ್, ದಂತದ ಬಣ್ಣದ ನಾಲ್ಕು ನಾಬು, ಮೂಲೆಯಲ್ಲಿ, ಸ್ಟೇಷನ್ ಸರಿಯಾಗಿ ಹಿಡಿದರೆ ಮುಚ್ಚಿಕೊಳ್ಳುವ ಹಸಿರು ಬೆಳಕಿನ ಮ್ಯಾಜಿಕ್ ಐ. ಪೋಸ್ಟ್ ಆಫೀಸಿನಲ್ಲಿ ವರ್ಷಾ ವರ್ಷ ಫೀ ಕಟ್ಟಿದ ಲೈಸೆನ್ಸ್ ಪುಸ್ತಕವೂ ಅದರ ಜೊತೆಗೇ ಸಿಕ್ಕಿತು. ರೇಡಿಯೋ ಕೇಳಲು ಲೈಸೆನ್ಸ್ ಬೇಕಿತ್ತು ಅಂದರೆ ನನ್ನ ಮಗಳು ನಂಬಲಿಲ್ಲ.

ಮೊದಲು ಬೇರೆ ಒಂದು ಕಡೆ ರಿಪೇರಿಗೆ ಕೊಟ್ಟಿದ್ದೆ. ಯಾರು ಅಂತ ಹೇಳುವುದಿಲ್ಲ. ಅವರು ದೊಡ್ಡ ಫಿಲ್ಟರ್ ಕಂಡೆನ್ಸರ್ ಬದಲಿಸಿ, ಗುಂಯ್ ಅನ್ನುವ ಸದ್ದು ಹೋಗಿಸಿ ಕೊಟ್ಟರು. ಹಾಡಿತು. ಆದರೆ ಧಾರವಾಡ ಒಂದೇ ತನ್ನ ಜಾಗದಲ್ಲಿ ಬರುತ್ತಿತ್ತು. ಬೆಂಗಳೂರು ಎರಡು ಬೆರಳಿನಷ್ಟು ಆಚೆ. ಇಲ್ಲೇ ಪಕ್ಕದ ಭದ್ರಾವತಿ ಕೂಡ ಗೊಣಗಿದಂತೆ ಕೇಳುತ್ತಿತ್ತು. ಮ್ಯಾಜಿಕ್ ಐ ಯಾವ ಸ್ಟೇಷನ್ನಿಗೂ ಪೂರ್ತಿ ಮುಚ್ಚುತ್ತಿರಲಿಲ್ಲ. "ಹಳೇ ಸೆಟ್ಟು, ಇಷ್ಟೇ ಬರೋದು" ಅಂದರು. ಬಟ್ಟೆ ತಂದವರಿಗೆ ನಾನು ಈ ಮಾತು ಹೇಳಿದ್ದರೆ ಅಂಗಡಿ ಮುಚ್ಚಬೇಕಾಗುತ್ತಿತ್ತು, ಅಲ್ವಾ?

ಮೇಷ್ಟ್ರು ಸೆಟ್ ನೋಡಿದ ತಕ್ಷಣ ಬಿಚ್ಚಲಿಲ್ಲ. ಯಾವ ಸ್ಟೇಷನ್ ಎಲ್ಲಿ ಬರುತ್ತದೆ ಅಂತ ನನ್ನಿಂದಲೇ ಹೇಳಿಸಿ ಒಂದು ಹಾಳೆಯಲ್ಲಿ ಬರೆದುಕೊಂಡರು. ಆಮೇಲೆ ಹಿಂದಿನ ರಟ್ಟು ತೆಗೆದು ಒಳಗೆ ಅಂಟಿಸಿದ್ದ ಚೀಟಿಗೆ ಟಾರ್ಚ್ ಹಾಕಿದರು. ಐಎಫ್ 452 ಅಂತ ಇತ್ತು. ಐಎಫ್ ಅಂದರೆ ಸೆಟ್ಟಿನ ಒಳಗಿನ ಫ್ರೀಕ್ವೆನ್ಸಿ, ಕಿಲೋಹರ್ಟ್ಸ್ ಲೆಕ್ಕದಲ್ಲಿ.

"ನೋಡಿ ಅಕ್ಕ, ಎಲ್ಲರೂ ಕಣ್ಣು ಮುಚ್ಚಿ 455 ಅಂತ ಇಡ್ತಾರೆ. ಚೀಟಿ ಓದೋದೇ ಇಲ್ಲ."

452 ಇರುವ ಸೆಟ್ ಇವೆ, 455 ಇವೆ, ಹಳೇ ಬ್ರಿಟಿಷ್ ಸೆಟ್ಟುಗಳಲ್ಲಿ 465 ಇವೆ, 470 ಕೂಡ ಇವೆ. ಯಾವುದು ಅಂತ ಗೊತ್ತಿಲ್ಲದೆ ತಿರುಪು ಮುಟ್ಟಬಾರದಂತೆ. ನನಗೆ ಇಲ್ಲೇ ನಂಬಿಕೆ ಬಂತು. ಅಳತೆ ತೆಗೆಯದೆ ಕತ್ತರಿ ಹಿಡಿಯುವವರನ್ನು ನಾನು ನಂಬುವುದಿಲ್ಲ.

ಆ 452 ಏನು ಅಂತ ಅವರು ಹೇಳಿದ್ದನ್ನು ನನ್ನ ಅಳತೆ ಪುಸ್ತಕದ ಹಿಂದೆ ಬರೆದುಕೊಂಡಿದ್ದೇನೆ. ರೇಡಿಯೋ ಒಳಗೆ ಆಸಿಲೇಟರ್ ಅಂತ ಒಂದು ಇರುತ್ತದೆ. ಅದು ಸೆಟ್ಟಿನದೇ ಒಂದು ಸಣ್ಣ ಸಿಗ್ನಲ್ ಹುಟ್ಟಿಸುತ್ತದೆ. ಧಾರವಾಡ ಬರುವುದು 765 ಕಿಲೋಹರ್ಟ್ಸ್‌ನಲ್ಲಿ. ಆಗ ಆಸಿಲೇಟರ್ 1217ರಲ್ಲಿ ಓಡಬೇಕು. ಒಂದರಲ್ಲಿ ಇನ್ನೊಂದು ಕಳೆದರೆ 452. ಬೆಂಗಳೂರಿನ 612ಕ್ಕೆ ತಿರುಗಿಸಿದಾಗ ಆಸಿಲೇಟರ್ 1064ಕ್ಕೆ ಬರಬೇಕು. ಕಳೆದರೆ ಮತ್ತೆ 452. ಯಾವ ಸ್ಟೇಷನ್ ಹಿಡಿದರೂ ಅದನ್ನು 452ಕ್ಕೆ ತಂದು, ಅಲ್ಲೇ ಹಿಗ್ಗಿಸಿ, ಆಮೇಲೆ ಸ್ಪೀಕರಿಗೆ ಕಳಿಸುವುದು. ಹಿಗ್ಗಿಸುವ ಜಾಗದಲ್ಲಿ ಎರಡು ಅಲ್ಯೂಮಿನಿಯಂ ಡಬ್ಬಿ, ಒಂದೊಂದರೊಳಗೂ ಎರಡೆರಡು ಕೋರ್, ಅಂದರೆ ಕಾಯಿಲ್ ಒಳಗೆ ತಿರುಪಿನ ಹಾಗೆ ತಿರುಗುವ ತುಂಡು. ಆ ನಾಲ್ಕೂ 452ಕ್ಕೇ ಕೂತಿರಬೇಕು. ಒಂದು ಆಚೀಚೆ ಆದರೂ ಸದ್ದು ಕುಗ್ಗುತ್ತದೆ. ನಾಲ್ಕೂ ಸೇರಿ ಬೇರೆ ಕಡೆ ಕೂತರೆ ಇಡೀ ಡಯಲ್ಲೇ ಸರಿಯುತ್ತದೆ.

ನಮ್ಮದರಲ್ಲಿ ಎರಡೂ ಆಗಿತ್ತು.

ಆದರೆ ಅಲೈನ್‌ಮೆಂಟಿಗೆ ಅವರು ಸೀದಾ ಹೋಗಲಿಲ್ಲ. ಇದು ನನಗೆ ಇಷ್ಟವಾದ ಇನ್ನೊಂದು ವಿಷಯ. ಮೊದಲು ಕರೆಂಟ್ ತಂತಿಯ ನಡುವೆ ಸೀರೀಸ್ ಬಲ್ಬ್ ಹಾಕಿ ಸೆಟ್ ಆನ್ ಮಾಡಿದರು. 60 ವಾಟಿನ ಹಳೇ ತಂತಿ ಬಲ್ಬು. ಒಳಗೆ ಎಲ್ಲಾದರೂ ಶಾರ್ಟ್ ಇದ್ದರೆ ಬಲ್ಬ್ ಪೂರ್ತಿ ಉರಿಯುತ್ತದೆ, ಟ್ರಾನ್ಸ್‌ಫಾರ್ಮರ್ ಉಳಿಯುತ್ತದೆ. ಎಲ್‌ಇಡಿ ಬಲ್ಬ್ ಈ ಕೆಲಸಕ್ಕೆ ಬರಲ್ಲವಂತೆ. ಆಮೇಲೆ ಒಂದೊಂದೇ ವಾಲ್ವಿನ ವೋಲ್ಟೇಜ್ ನೋಡಿದರು. ಇಸಿಎಚ್ 81, ಇಬಿಎಫ್ 89, ಇಸಿಎಲ್ 82, ಇಝಡ್ 80, ಜೊತೆಗೆ ಮ್ಯಾಜಿಕ್ ಐ. ನಾನು ಹತ್ತಿರ ಬಗ್ಗಿದ್ದಕ್ಕೆ ಗದರಿದರು. ಒಳಗೆ 250 ವೋಲ್ಟ್ ಹತ್ತಿರ ಡಿಸಿ ಇರುತ್ತದೆ. ಪ್ಲಗ್ ಕಿತ್ತ ಮೇಲೂ ಕಂಡೆನ್ಸರಿನಲ್ಲಿ ಸ್ವಲ್ಪ ಹೊತ್ತು ಕೂತಿರುತ್ತದೆ. ಮನೆಯಲ್ಲಿ ಯೂಟ್ಯೂಬ್ ನೋಡಿ ಬಿಚ್ಚುವವರು ಇದನ್ನು ನೆನಪಿಟ್ಟುಕೊಳ್ಳಿ.

ಸ್ಪೀಕರ್ ಓಡಿಸುವ ಇಸಿಎಲ್ 82ರ ಗ್ರಿಡ್‌ನಲ್ಲಿ, ಅಂದರೆ ವಾಲ್ವಿಗೆ ಸಿಗ್ನಲ್ ಒಳಹೋಗುವ ಜಾಗದಲ್ಲಿ, 3 ವೋಲ್ಟ್ ಪಾಸಿಟಿವ್ ತೋರಿಸಿತು. ಅಲ್ಲಿ ಪಾಸಿಟಿವ್ ಬರಲೇಬಾರದು. ಅಂದರೆ ಹಿಂದಿನ ಕಡೆ ದೊಡ್ಡ ಕಂಡೆನ್ಸರ್ ಬದಲಿಸಿ, ಈ ಚಿಕ್ಕ 0.01 ಮೈಕ್ರೋಫ್ಯಾರಡ್ ಪೇಪರ್ ಕಂಡೆನ್ಸರನ್ನು ಹಾಗೇ ಬಿಟ್ಟಿದ್ದರು. ಅದು ಸೋರಿ ಸೋರಿ ವಾಲ್ವನ್ನು ಸುಡುತ್ತಿತ್ತು. ಮೇಷ್ಟ್ರು 630 ವೋಲ್ಟಿನ ಹೊಸ ಪಾಲಿಯೆಸ್ಟರ್ ಕಂಡೆನ್ಸರ್ ಹಾಕಿದರು. ಈ ತರಹದ್ದೆಲ್ಲ ಮುಗಿದ ಮೇಲೆ ಸೆಟ್ಟನ್ನು ಅರ್ಧ ಗಂಟೆ ಬಿಸಿಯಾಗಲು ಬಿಟ್ಟು, ಆಮೇಲೆ ಅಲೈನ್‌ಮೆಂಟ್. ತಣ್ಣಗಿದ್ದಾಗ ಕೂರಿಸಿದ್ದು ಬಿಸಿಯಾದ ಮೇಲೆ ಸ್ವಲ್ಪ ಸರಿಯುತ್ತದೆ.

ಮೇಜಿನ ಮೇಲಿದ್ದ ಸಾಮಾನು ಹೇಳುತ್ತೇನೆ, ಯಾಕೆಂದರೆ ನೀವು ಕೊಡುವ ದುಡ್ಡು ಇವುಗಳಿಗೇ. ಬೇಕಾದ ಫ್ರೀಕ್ವೆನ್ಸಿಯ ಸಿಗ್ನಲ್ ಹುಟ್ಟಿಸುವ, ಗುಂಡು ಡಯಲಿನ ಹಳೇ ಸಿಗ್ನಲ್ ಜನರೇಟರ್. ಅದರ ಡಯಲನ್ನು ನಂಬದೆ ಪಕ್ಕದಲ್ಲೇ ಅದನ್ನು ಅಳೆಯಲು ಒಂದು ಫ್ರೀಕ್ವೆನ್ಸಿ ಕೌಂಟರ್. ಸ್ಪೀಕರಿಗೆ ಜೋಡಿಸಿದ ಮುಳ್ಳಿನ ಎಸಿ ಮೀಟರ್. ಸಿಗ್ನಲ್ಲನ್ನು ಪರದೆಯ ಮೇಲೆ ಗೆರೆಯಾಗಿ ತೋರಿಸುವ ಒಂದು ಆಸಿಲೋಸ್ಕೋಪ್. ಒಂದು ಡಬ್ಬಿ ತುಂಬ ಪ್ಲಾಸ್ಟಿಕ್, ನೈಲಾನ್ ಕಡ್ಡಿಗಳು. ಕೋರ್ ತಿರುಗಿಸಲು ಕಬ್ಬಿಣದ ಸ್ಕ್ರೂಡ್ರೈವರ್ ಉಪಯೋಗಿಸಬಾರದು. ಕಬ್ಬಿಣ ಹತ್ತಿರ ಬಂದರೇ ಕಾಯಿಲ್ ಅಳತೆ ಬದಲಾಗುತ್ತದೆ, ತೆಗೆದರೆ ಮತ್ತೆ ಬದಲಾಗುತ್ತದೆ. ಹಿಂದಿನವರು ಕಬ್ಬಿಣದ್ದೇ ಹಾಕಿ ತಿರುಗಿಸಿದ್ದರು. ಒಂದು ಕೋರ್ ಸೀಳಿತ್ತು, ಪಕ್ಕದಲ್ಲಿ ಗೀರಿದ ಗುರುತು. ಅದನ್ನು ತೆಗೆಯಲು ಮೇಣ ಕರಗಿಸಿ, ಚೂರು ಚೂರಾಗಿ ಹೊರಗೆ ತಂದು, ಹಳೇ ಕಾಯಿಲ್‌ಗಳ ಡಬ್ಬಿಯಿಂದ ಹೊಂದುವ ಕೋರ್ ಹುಡುಕಿದರು. ಇಡೀ ಕೆಲಸದಲ್ಲಿ ಜಾಸ್ತಿ ಹೊತ್ತು ಹಿಡಿದದ್ದು ಇದೇ.

ಕೌಂಟರ್ ಸರಿಯಾಗಿದೆಯಾ ಅಂತ ನೋಡಲು ಅವರು ಮಾಡಿದ್ದು ನನಗೆ ಬಹಳ ಹಿಡಿಸಿತು. ಬೇರೆ ಒಂದು ಒಳ್ಳೇ ರೇಡಿಯೋದಲ್ಲಿ ಧಾರವಾಡ ಹಾಕಿದರು. ಜನರೇಟರನ್ನು ಮೆಲ್ಲಗೆ ಅದರ ಹತ್ತಿರ ತಂದರು. ಕುಯ್ ಅಂತ ಸೀಟಿ ಬಂತು. ಇನ್ನೂ ಹತ್ತಿರ ತಂದಂತೆ ಸೀಟಿ ದಪ್ಪಗಾಗಿ, ಇಳಿದು, ನಿಂತೇ ಹೋಯಿತು. ಆಗ ಕೌಂಟರ್ 765.0 ತೋರಿಸಿತು. ನಮ್ಮ ಕಡೆಯ ಮೀಡಿಯಂ ವೇವ್ ಸ್ಟೇಷನ್ನುಗಳೆಲ್ಲ 9ರಿಂದ ಭಾಗವಾಗುವ ಸಂಖ್ಯೆಯಲ್ಲೇ ಇರುತ್ತವೆ. 612, 675, 765, ಭಾಗಿಸಿ ನೋಡಿ. 1978ರಲ್ಲಿ ಹಾಗೆ ಹೊಂದಿಸಿದ್ದು. ಆಕಾಶವಾಣಿಯನ್ನೇ ಅಳತೆಪಟ್ಟಿ ಮಾಡಿಕೊಂಡರಲ್ಲ ಅಂತ ನನಗೆ ನಗು ಬಂತು.

ಆಮೇಲೆ ನಿಜವಾದ ಕೆಲಸ. ಜನರೇಟರ್ 452ಕ್ಕೆ ಇಟ್ಟು, ಒಂದು ಕಂಡೆನ್ಸರ್ ಮೂಲಕ ಆಸಿಲೇಟರ್ ಇರುವ ವಾಲ್ವ್ ಇಸಿಎಚ್ 81ರ ಗ್ರಿಡ್‌ಗೆ ಕೊಟ್ಟರು. ಆಸಿಲೇಟರ್ ಓಡದಂತೆ ನಿಲ್ಲಿಸಿದರು. ವಾಲ್ಯೂಮ್ ಪೂರ್ತಿ. ಜನರೇಟರಿನಿಂದ ಬರುವ ಕೀಂ ಅನ್ನುವ ಒಂದೇ ಸದ್ದು, ಅದನ್ನು ಆದಷ್ಟು ಸಣ್ಣಗೆ ಇಟ್ಟರು. ಯಾಕೆ ಸಣ್ಣಗೆ ಅಂದರೆ, ಸಿಗ್ನಲ್ ಜೋರಾದರೆ ಸೆಟ್ ತಾನೇ ತನ್ನ ಶಕ್ತಿ ಇಳಿಸಿಕೊಳ್ಳುತ್ತದೆ. ಅದಕ್ಕೆ ಎವಿಸಿ ಅಂತಾರೆ. ಎವಿಸಿ ಕೆಲಸ ಮಾಡುತ್ತಿರುವಾಗ ಕೋರ್ ತಿರುಗಿಸಿದರೆ ಮೀಟರ್ ಮುಳ್ಳು ಅಲ್ಲಾಡುವುದೇ ಇಲ್ಲ. ಯಾವುದು ಸರಿ, ಯಾವುದು ತಪ್ಪು ಗೊತ್ತಾಗಲ್ಲ. ಕಿವಿಯಲ್ಲಿ ಕೇಳಿಕೊಂಡು ಮಾಡುವವರು ಸೋಲುವುದು ಇಲ್ಲೇ.

ಮೊದಲು ಸ್ಪೀಕರ್ ಕಡೆಯ ಡಬ್ಬಿ, ಆಮೇಲೆ ಮುಂದಿನ ಡಬ್ಬಿ. ಕೋರ್ ಕೂದಲೆಳೆ ತಿರುಗಿದರೆ ಮುಳ್ಳು ಏರುತ್ತದೆ. ಏರಿದ ತಕ್ಷಣ ಅವರು ಜನರೇಟರ್ ಇಳಿಸುತ್ತಾರೆ. ಮತ್ತೆ ತಿರುಗಿಸು, ಮತ್ತೆ ಇಳಿಸು. ನಾಲ್ಕೂ ಕೋರ್ ಮುಗಿದ ಮೇಲೆ ಮತ್ತೆ ಮೊದಲಿಂದ. ಶುರುವಿನಲ್ಲಿ ನಮ್ಮ ಸೆಟ್ 441ರ ಹತ್ತಿರ ಕೂತಿತ್ತು. 11 ಕಿಲೋಹರ್ಟ್ಸ್ ತಪ್ಪು. ಒಂದು ಸ್ಟೇಷನ್ನಿಗೂ ಪಕ್ಕದ ಸ್ಟೇಷನ್ನಿಗೂ ನಡುವೆ ಇರುವ ಜಾಗಕ್ಕಿಂತ ಜಾಸ್ತಿ.

ಆಸಿಲೋಸ್ಕೋಪಿನಲ್ಲಿ ಅದರ ಗೆರೆಯನ್ನೂ ತೋರಿಸಿದರು. ಮೊದಲು ಸೊಟ್ಟಗೆ, ಎರಡು ತಲೆ ಇದ್ದಂತೆ ಕಾಣುತ್ತಿತ್ತು. ಕೊನೆಗೆ ನಡುವೆ ಎದ್ದು ಎರಡೂ ಕಡೆ ಸಮನಾಗಿ ಇಳಿಯಿತು. ಇನ್ನೂ ಚೂಪು ಮಾಡಬಹುದಲ್ಲ ಮೇಷ್ಟ್ರೆ ಅಂದೆ. ಮಾಡಬಹುದು, ಆದರೆ ತೀರಾ ಚೂಪಾದರೆ ಸ, ಶ ಅಕ್ಷರಗಳು ಮಂಕಾಗಿ ಕೇಳುತ್ತವೆ, ವಾರ್ತೆ ಓದುವವರಿಗೆ ನೆಗಡಿ ಆದ ಹಾಗೆ ಅನ್ನಿಸುತ್ತದೆ ಅಂದರು.

ನಂತರ ಡಯಲ್. ಅಲೈನ್‌ಮೆಂಟ್ ಎಂದರೆ ಏನು ಅಂತ ನನಗೆ ಅರ್ಥವಾಗಿದ್ದು ಇಲ್ಲಿ. ಕೆಳಗಿನ ತುದಿಗೆ, 600ರ ಹತ್ತಿರ, ಆಸಿಲೇಟರ್ ಕಾಯಿಲಿನ ಕೋರ್ ತಿರುಗಿಸಬೇಕು. ಮೇಲಿನ ತುದಿಗೆ, 1500ರ ಹತ್ತಿರ, ಟ್ರಿಮ್ಮರ್ ಅನ್ನುವ ಸಣ್ಣ ಕಂಡೆನ್ಸರಿನ ತಿರುಪು ತಿರುಗಿಸಬೇಕು. ಒಂದು ಸರಿ ಮಾಡಿದರೆ ಇನ್ನೊಂದು ಸ್ವಲ್ಪ ಹಾಳಾಗುತ್ತದೆ. ಬ್ಲೌಸಿನ ಭುಜ ಎಳೆದರೆ ಕಂಕುಳಲ್ಲಿ ಸೆಟೆದುಕೊಳ್ಳುವ ಹಾಗೆ. ಅದಕ್ಕೆ ಆ ತುದಿ, ಈ ತುದಿ, ಮತ್ತೆ ಆ ತುದಿ ಅಂತ ಎರಡೂ ನಿಲ್ಲುವವರೆಗೆ ಓಡಾಡಬೇಕು. ಹಿಂದಿನವರು ಮಾಡಿದ್ದು ಇಷ್ಟೇ: ಧಾರವಾಡ ಹಾಕಿಕೊಂಡು, ಅದು ತನ್ನ ಜಾಗಕ್ಕೆ ಬರುವವರೆಗೆ ಟ್ರಿಮ್ಮರ್ ಒಂದನ್ನೇ ತಿರುಗಿಸಿ ಕೈ ತೊಳೆದುಕೊಂಡಿದ್ದರು. ಧಾರವಾಡ ಸರಿ, ಉಳಿದದ್ದೆಲ್ಲ ಎಲ್ಲೆಲ್ಲೋ.

ನಮ್ಮ ಡಯಲಿನಲ್ಲಿ ಮೀಟರ್ ಲೆಕ್ಕವೇ ದೊಡ್ಡದಾಗಿ ಬರೆದಿದೆ. 3 ಲಕ್ಷವನ್ನು ಕಿಲೋಹರ್ಟ್ಸ್‌ನಿಂದ ಭಾಗಿಸಿದರೆ ಮೀಟರ್ ಸಿಗುತ್ತದೆ. 600 ಅಂದರೆ 500 ಮೀಟರ್, 1500 ಅಂದರೆ 200 ಮೀಟರ್. ಧಾರವಾಡ 392, ಬೆಂಗಳೂರು 490. ಈಗ ಬೆಂಗಳೂರು 500ರ ಪಕ್ಕದಲ್ಲಿ ಕರೆಕ್ಟಾಗಿ ಬರುತ್ತದೆ.

ಕೊನೆಗೆ ಏರಿಯಲ್ (ಆಂಟೆನಾ) ಕಾಯಿಲ್. ಜನರೇಟರನ್ನು ಸೀದಾ ಏರಿಯಲ್ ಪಿನ್ನಿಗೆ ಸಿಕ್ಕಿಸಲಿಲ್ಲ, ನಡುವೆ 200 ಪಿಎಫ್ ಕಂಡೆನ್ಸರ್ ಹಾಕಿದರು. ಮನೆಯ ಮೇಲಿನ ತಂತಿಯ ಬದಲಿಗೆ ಅದು. ಶಾರ್ಟ್ ವೇವ್‌ಗೆ ಅದನ್ನು ತೆಗೆದು 400 ಓಮ್ ರೆಸಿಸ್ಟರ್. ಶಾರ್ಟ್ ವೇವ್‌ನಲ್ಲಿ ಒಂದು ಮೋಸ ಇದೆ. 15 ಮೆಗಾಹರ್ಟ್ಸ್ ಸಿಗ್ನಲ್ ಕೊಟ್ಟರೆ ಡಯಲ್ ಮೇಲೆ ಎರಡು ಕಡೆ ಕೇಳುತ್ತದೆ, 15ರಲ್ಲಿ ಒಮ್ಮೆ, 14.1ರ ಹತ್ತಿರ ಇನ್ನೊಮ್ಮೆ. ಎರಡರ ನಡುವೆ 452ರ ಎರಡರಷ್ಟು, ಅಂದರೆ 904 ಕಿಲೋಹರ್ಟ್ಸ್. ಎರಡನೆಯದು ನೆರಳು. ಗೊತ್ತಿಲ್ಲದವರು ನೆರಳಿಗೇ ಟ್ರಿಮ್ಮರ್ ಕೂರಿಸಿಬಿಡುತ್ತಾರೆ.

ಎಲ್ಲ ಆದ ಮೇಲೆ ಅವರು ಕೊಟ್ಟ ಹಾಳೆಯೇ ಈ ಅಂಗಡಿಗೆ ಹೋಗಲು ದೊಡ್ಡ ಕಾರಣ ಅಂತೀನಿ. ಮೊದಲು ಎಷ್ಟಿತ್ತು, ಆಮೇಲೆ ಎಷ್ಟಾಯಿತು, ಎಲ್ಲ ಬರೆದಿದ್ದರು. ಸ್ಪೀಕರಿನಲ್ಲಿ 50 ಮಿಲಿವಾಟ್ ಸದ್ದು ಬರಲು ಮೊದಲು 350 ಮೈಕ್ರೋವೋಲ್ಟ್ ಸಿಗ್ನಲ್ ಬೇಕಾಗಿತ್ತು. ಈಗ 40 ಸಾಕು. ಯಾರ ಮಾತನ್ನೂ ನಂಬಬೇಕಾಗಿಲ್ಲ, ಹಾಳೆ ನೋಡಿದರೆ ಆಯಿತು. ಹಿಂದಿನ ರಿಪೇರಿಗೆ ನನಗೆ ಸಿಕ್ಕಿದ್ದು "ಆಯ್ತು ನೋಡಿ" ಅನ್ನುವ ಮಾತು ಒಂದೇ.

ಅಲೈನ್‌ಮೆಂಟಿಗೆ 1,800 ರೂಪಾಯಿ, ಕಂಡೆನ್ಸರುಗಳಿಗೆ 650, ಕೋರಿಗೆ 150. ಜಾಸ್ತಿ ಅಂತ ನಮ್ಮ ಮನೆಯವರು ಗೊಣಗಿದರು. ಅರ್ಧ ದಿನ ಕೂತು ಮಾಡುವ ಕೆಲಸ, ಸಾಮಾನಿಗೂ ಬೆಲೆ ಇದೆ, ನನಗಂತೂ ಸರಿ ಅನ್ನಿಸಿತು.

ಈಗ ಬೈಯುವ ಭಾಗ. ಮೇಷ್ಟ್ರು ಫೋನ್ ಎತ್ತುವುದಿಲ್ಲ. "ಬರೋ ವಾರ" ಅಂದರೆ ಯಾವ ವಾರ ಅಂತ ಕೇಳಬಾರದು. ರಸೀದಿ ಕೇಳಿದರೆ ಹಾಳೆಯ ಹಿಂದೆಯೇ ದುಡ್ಡಿನ ಲೆಕ್ಕ ಬರೆದು ಸಹಿ ಹಾಕುತ್ತಾರೆ. ಕೂರಲು ಇರುವುದು ಒಂದೇ ಸ್ಟೂಲು, ಅದರ ಮೇಲೂ ಯಾರದೋ ಆಂಪ್ಲಿಫೈಯರ್. ಕಾಯುವಾಗ ತಿನ್ನೋಣ ಅಂತ ಮಂಡಕ್ಕಿ, ಮಿರ್ಚಿ ಕಟ್ಟಿಸಿಕೊಂಡು ಹೋಗಿದ್ದೆ. ಚಾಸಿಸ್ ಹತ್ತಿರ ಎಣ್ಣೆ ಕೈ ತರಬೇಡಿ ಅಂತ ಮೆಟ್ಟಿಲಿಗೆ ಕಳಿಸಿದರು. ಮೆಣಸಿನಕಾಯಿ ಘಾಟಿನಲ್ಲಿ ಮಿರ್ಚಿ ತಿಂದೆ. ಕ್ಯಾಬಿನೆಟ್ ಪಾಲಿಶ್ ಅವರು ಮಾಡುವುದಿಲ್ಲ. ಜೊತೆಗೆ ಹಿಂದಿನ ರಟ್ಟಿನ ಮೇಲೆ ತಾರೀಖು ಬರೆದ ಬಿಳಿ ಸ್ಟಿಕ್ಕರ್ ಸೊಟ್ಟಗೆ ಅಂಟಿಸಿದ್ದಾರೆ. ಅದನ್ನು ನೋಡಿದಾಗಲೆಲ್ಲ ನನ್ನ ಕೈ ತುರಿಸುತ್ತದೆ. ನಾನು ಕೂತಿದ್ದಾಗಲೇ ಒಬ್ಬ ಹುಡುಗ ಇಂಥದೇ ಸೆಟ್ ತಂದು, ಒಳಗಿನದ್ದೆಲ್ಲ ತೆಗೆದು ಬ್ಲೂಟೂತ್ ಹಾಕಿ ಕೊಡಿ ಅಂದ. ಮೇಷ್ಟ್ರು ಉತ್ತರವನ್ನೇ ಕೊಡಲಿಲ್ಲ. ಗಿರಾಕಿಗೆ ಇಲ್ಲ ಅಂತಾದರೂ ಹೇಳಬೇಕಿತ್ತು ಅಂತ ನನಗೆ ಅನ್ನಿಸಿತು, ನಾನೂ ವ್ಯಾಪಾರ ಮಾಡುವವಳೇ.

ಮನೆಗೆ ತಂದ ಮೇಲೆ ಏನಾಗುತ್ತದೆ ಅಂತಲೂ ಹೇಳಬೇಕು. ಎಷ್ಟು ಚೆನ್ನಾಗಿ ಅಲೈನ್ ಮಾಡಿದರೂ ನಮ್ಮ ಮನೆಗಳಲ್ಲಿ ಈಗ ಗಲಾಟೆ ಜಾಸ್ತಿ. ನನ್ನ ಅಂಗಡಿಯ ಎಲ್‌ಇಡಿ ಟ್ಯೂಬ್ ಹಾಕಿದರೆ ಜುಂಯ್ ಅನ್ನುತ್ತದೆ. ಮೊಬೈಲ್ ಚಾರ್ಜರ್ ಇನ್ನೊಂದು ತರಹ. ಮಷೀನಿನ ಮೋಟಾರ್ ಓಡಿಸಿದರೆ ಅದರೊಳಗಿನ ಕಾರ್ಬನ್ ಬ್ರಷ್ ಕಿಡಿಗೆ ಪೂರ್ತಿ ಬರಬರ. ಟೆರೇಸಿನ ಮೇಲೆ ಒಂದು ಮೂವತ್ತು ಅಡಿ ತಾಮ್ರದ ತಂತಿ ಕಟ್ಟಿ, ಅರ್ಥ್ ಕೊಟ್ಟ ಮೇಲೆ ಬಹಳ ಇಳಿಯಿತು. ಬೆಳಿಗ್ಗೆ ಸಂಸ್ಕೃತ ವಾರ್ತೆ, ಪ್ರದೇಶ ಸಮಾಚಾರದ ಹೊತ್ತಿಗೆ ಮೋಟಾರ್ ಬಿಟ್ಟು ಹಳೇ ಕಾಲು ಮಷೀನಿನಲ್ಲಿ ಕಾಜಾ, ಪಟ್ಟಿ ಕೆಲಸ ಇಟ್ಟುಕೊಳ್ಳುತ್ತೇನೆ. ಮ್ಯಾಜಿಕ್ ಐ ಭದ್ರಾವತಿಗೆ ಪೂರ್ತಿ ಮುಚ್ಚುತ್ತದೆ. ರಾತ್ರಿಯಾದರೆ ದೂರದ ಊರುಗಳೆಲ್ಲ ಮೇಲೆ ಮೇಲೆ ಬಂದು ಬೀಳುತ್ತವೆ. ಅದು ಸೆಟ್ಟಿನ ದೋಷ ಅಲ್ಲ. ಹಗಲು ಮೀಡಿಯಂ ವೇವ್ ಅಲೆಯನ್ನು ಹೀರುವ ಆಕಾಶದ ಪದರ ಕತ್ತಲಾದ ಮೇಲೆ ಕರಗುತ್ತದೆ.

ಶಾರ್ಟ್ ವೇವ್ ಬಗ್ಗೆ ಆಸೆ ಇಟ್ಟುಕೊಂಡು ಹೋಗಬೇಡಿ. ಮಾವನವರು 25 ಮೀಟರಿನಲ್ಲಿ ರೇಡಿಯೋ ಸಿಲೋನ್ ಕೇಳುತ್ತಿದ್ದರಂತೆ. ನಾನು ತಿರುಗಿಸಿದಾಗ ಚೀನೀ ಭಾಷೆ ಒಂದೇ ಜೋರಾಗಿ ಕೇಳಿತು. ಎಫ್‌ಎಂ ಇದರಲ್ಲಿ ಇಲ್ಲವೇ ಇಲ್ಲ. ಚಿತ್ರದುರ್ಗದ 102.6 ಬೇಕು ಅನ್ನುವವರು ಇದಕ್ಕೆ ಇಷ್ಟು ಖರ್ಚು ಮಾಡುವುದಕ್ಕಿಂತ ಒಂದು ಸಣ್ಣ ಸೆಟ್ ಕೊಳ್ಳುವುದು ಒಳ್ಳೆಯದು.

ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಕಡಿಮೆ ಮಾಡಿದ್ದು ಫೋನಿಗೆ ಮತ್ತು ಆ ಸ್ಟಿಕ್ಕರಿಗೆ.

ಹೋಗುವವರು ಸಂಜೆ 4ರ ಮೇಲೆ ಹೋಗಿ, ಬೆಳಿಗ್ಗೆ ಬಾಗಿಲು ತೆಗೆದಿರುವುದಿಲ್ಲ. ಸೆಟ್ಟಿನ ಒಳಗೆ ಚೀಟಿ ಇದ್ದರೆ ಧೂಳು ಒರೆಸುವ ನೆಪದಲ್ಲಿ ಕಿತ್ತು ಬಿಸಾಡಬೇಡಿ. ಅಲೈನ್‌ಮೆಂಟ್ ಬೇಕು ಅಂತ ಬಾಯಿಬಿಟ್ಟು ಕೇಳಿ, ಬರೀ ರಿಪೇರಿ ಅಂದರೆ ಅಷ್ಟೇ ಮಾಡಿ ಕೊಡುತ್ತಾರೆ. ಡಯಲ್ ದಾರ ಹರಿದಿದ್ದರೆ ಮೊದಲೇ ಹೇಳಿ, ಅದಕ್ಕೆ 300 ಬೇರೆ.